ಬೆಂಗಳೂರಿನಿಂದ ಎಲೆಕ್ಟ್ರಿಕ್ ಕಾರಿನಲ್ಲಿ ದೂರದೂರಿಗೆ: ಎಲ್ಲಿ ನಿಲ್ಲಬೇಕು, ಎಷ್ಟು ತುಂಬಿಸಬೇಕು

ಶನಿವಾರ ಬೆಳಗ್ಗೆ ಐದಕ್ಕೆ ಯಶವಂತಪುರ ಬಿಟ್ಟು ಮಂಗಳೂರಿನ ಕಡೆ ಹೊರಟ ಕಾರು ಚಾರ್ಜಿಗೆ ಎಲ್ಲಿ ನಿಲ್ಲಬೇಕು? ಆ್ಯಪ್ ತೆರೆದರೆ ಹೆದ್ದಾರಿ ಉದ್ದಕ್ಕೂ ಹಸಿರು ಚುಕ್ಕೆಗಳು. ಹೆಚ್ಚಿನವರ ಬೆರಳು ಹೋಗುವುದು ಅತಿ ಹೆಚ್ಚು ಕಿಲೋವ್ಯಾಟ್ (ಚಾರ್ಜ್ ಎಷ್ಟು ವೇಗ ಎನ್ನುವ ಅಂಕಿ) ಬರೆದಿರುವ ಚುಕ್ಕೆಯ ಮೇಲೆ. ಲೆಕ್ಕ ತಪ್ಪುವುದು ಅಲ್ಲೇ. ಕೇಳಬೇಕಾದ ಮೊದಲ ಪ್ರಶ್ನೆ ಅಲ್ಲಿ ಎಷ್ಟು ಗನ್ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಪ್ಲಗ್) ಇವೆ ಎಂಬುದು. ಎರಡನೆಯದು, ಅದು ಕೈಕೊಟ್ಟರೆ ಮುಂದಿನ ಚಾರ್ಜರ್ ಎಷ್ಟು ದೂರ, ಅಲ್ಲಿಗೆ ಮುಟ್ಟುವಷ್ಟು ಬ್ಯಾಟರಿ ಉಳಿದಿರುತ್ತದೆಯೇ ಎಂಬುದು. ಕಿಲೋವ್ಯಾಟ್ ಮೂರನೆಯ ಪ್ರಶ್ನೆ. ಹೆದ್ದಾರಿಯ ಎರಡೂ ಬದಿಯಲ್ಲಿ 25 ಕಿ.ಮೀ.ಗೊಂದು ಚಾರ್ಜಿಂಗ್ ಕೇಂದ್ರ ಇರಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತ್ತು. ಅದನ್ನು ನಂಬಿ ಹೊರಡುವಂತಿಲ್ಲ. ಚುಕ್ಕೆ ಇದ್ದಲ್ಲೆಲ್ಲ ಕರೆಂಟು ಇರುತ್ತದೆ ಎಂದೂ ಇಲ್ಲ.

ಒಂದು ಪರ್ಸೆಂಟಿಗೆ ಎಷ್ಟು ಕಿಲೋಮೀಟರು

ಯಾವ ಹೋಲಿಕೆಗೂ ಮೊದಲು ನಿಮ್ಮ ಕಾರಿನ ಒಂದು ಅಂಕಿ ಗೊತ್ತಿರಬೇಕು: ನೀವು ಓಡಿಸುವ ವೇಗದಲ್ಲಿ 100 ಕಿ.ಮೀ.ಗೆ ಎಷ್ಟು ಯೂನಿಟ್ (ಕಿಲೋವ್ಯಾಟ್-ಅವರ್) ಬೇಕು. ಷೋರೂಮಿನ ರೇಂಜ್ ಪ್ರಯೋಗಾಲಯದ ಅಂಕಿ, ಅದನ್ನು ಈ ಕೆಲಸಕ್ಕೆ ಬಳಸಬೇಡಿ. ನೆಕ್ಸಾನ್, ಕ್ರೆಟಾ, ವಿಂಡ್ಸರ್ ಅಳತೆಯ ಕಾರುಗಳು ಸಮತಟ್ಟಾದ ಹೆದ್ದಾರಿಯಲ್ಲಿ ಎಸಿ ಹಾಕಿಕೊಂಡು 80ರ ವೇಗಕ್ಕೆ ಸುಮಾರು 13 ಯೂನಿಟ್, 100ಕ್ಕೆ 16, 120 ಮುಟ್ಟಿದರೆ 20ರ ಹತ್ತಿರ ಕುಡಿಯುತ್ತವೆ. ಚಿಕ್ಕ ಪಂಚ್ ಸ್ವಲ್ಪ ಕಡಿಮೆ, ದೊಡ್ಡ ಅಟ್ಟೋ 3, ಬಿಇ 6 ಸ್ವಲ್ಪ ಹೆಚ್ಚು.

ಇನ್ನು ಮುಂದೆ ಎಲ್ಲ ಲೆಕ್ಕಕ್ಕೂ 45 ಯೂನಿಟ್ ಬ್ಯಾಟರಿಯ ಕಾರನ್ನೇ ಇಟ್ಟುಕೊಳ್ಳೋಣ. ಒಂದು ಪರ್ಸೆಂಟ್ ಅಂದರೆ 0.45 ಯೂನಿಟ್. 100ರ ವೇಗದಲ್ಲಿ ಅದು 2.8 ಕಿ.ಮೀ., 80ರ ವೇಗದಲ್ಲಿ ಸುಮಾರು 3.5 ಕಿ.ಮೀ. ಇವೆರಡನ್ನು ಬಾಯಿಪಾಠ ಮಾಡಿಕೊಂಡರೆ ದಾರಿಯ ಮಧ್ಯೆ ಆ್ಯಪ್ ಇಲ್ಲದೆಯೂ ತೀರ್ಮಾನಕ್ಕೆ ಬರಬಹುದು. 20 ಪರ್ಸೆಂಟ್ ಇದೆ, ಮುಂದಿನ ಚಾರ್ಜರ್ 50 ಕಿ.ಮೀ. 100ರಲ್ಲೇ ಹೋದರೆ 18 ಪರ್ಸೆಂಟ್ ಖರ್ಚು, ಮುಟ್ಟುವಾಗ ಎರಡು ಉಳಿಯುತ್ತದೆ. 80ಕ್ಕೆ ಇಳಿಸಿದರೆ ಐದಾರು ಉಳಿಯುತ್ತದೆ. ಕೊರತೆ ಬಿದ್ದಾಗ ಎಸಿ ಆರಿಸಿ ಮಕ್ಕಳನ್ನು ಬೆವರಿಸುವ ಮೊದಲು ವೇಗ ಇಳಿಸಿ. ಎಸಿ ಗಂಟೆಗೆ ಒಂದು, ಒಂದೂವರೆ ಯೂನಿಟ್ ತಿಂದರೆ ಹೆಚ್ಚು. ಗಾಳಿಯನ್ನು ಸೀಳಿಕೊಂಡು ಹೋಗುವ ಖರ್ಚು ಅದಕ್ಕಿಂತ ಎಷ್ಟೋ ದೊಡ್ಡದು.

ಊರು ದಾಟುವುದೂ ಲೆಕ್ಕಕ್ಕೆ ಬರಬೇಕು. ವೈಟ್‌ಫೀಲ್ಡ್‌ನಿಂದ ನೆಲಮಂಗಲಕ್ಕೆ ಸಂಜೆ ಹೊತ್ತಿನಲ್ಲಿ ಎರಡು ಗಂಟೆ ಹಿಡಿದರೆ, ಓಡಿದ್ದಕ್ಕೆ ಐದಾರು ಯೂನಿಟ್, ಎಸಿಗೆ ಇನ್ನೆರಡು ಮೂರು. ಹೆದ್ದಾರಿಯ ಮೊದಲ ಟೋಲ್ ಕಾಣುವ ಹೊತ್ತಿಗೆ 17, 18 ಪರ್ಸೆಂಟ್ ಹೋಗಿರುತ್ತದೆ. ಆದ್ದರಿಂದ ಯೋಜನೆಯನ್ನು ಮನೆ ಬಾಗಿಲಿನಿಂದ ಶುರುಮಾಡಿ, ಪೀಣ್ಯದಿಂದಲ್ಲ.

ಟಾಟಾ, ಬಿವೈಡಿ ಕಾರುಗಳಲ್ಲಿರುವ ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣದ ಫಾಸ್ಫೇಟ್) ಬ್ಯಾಟರಿಯದು ಇನ್ನೊಂದು ಸಂಗತಿ. ಈ ರಾಸಾಯನಿಕದ ವೋಲ್ಟೇಜ್ 20ರಿಂದ 90ರವರೆಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುವುದರಿಂದ ಒಳಗೆ ಎಷ್ಟಿದೆ ಎಂದು ಕಾರಿಗೇ ಸರಿಯಾಗಿ ತಿಳಿಯುವುದಿಲ್ಲ. ಸದಾ 40ರಿಂದ 80ರ ನಡುವೆ ಆಡಿಸುತ್ತಿದ್ದರೆ ಅಂದಾಜು ಜಾರುತ್ತಾ ಹೋಗಿ, ಒಂದು ದಿನ 12 ಪರ್ಸೆಂಟ್ ತೋರಿಸುತ್ತಿದ್ದದ್ದು ಧಡಕ್ಕನೆ 5ಕ್ಕೆ ಬೀಳುತ್ತದೆ. ಪ್ರವಾಸದ ವಾರದಲ್ಲಿ ಒಮ್ಮೆ ಕೆಳಗಿನಿಂದ 100ರವರೆಗೆ ನಿಧಾನದ ಎಸಿ ಚಾರ್ಜ್ (ಮನೆಗೆ ಬರುವ ಸಾಮಾನ್ಯ ಕರೆಂಟಿನದು, ತಂಪು ಮಾಡುವ ಎಸಿ ಅಲ್ಲ) ಮಾಡಿಬಿಡಿ. ಮೀಟರು ದಾರಿಗೆ ಬರುತ್ತದೆ.

ಒಂದು ದೊಡ್ಡ ನಿಲುಗಡೆಯೋ, ಎರಡು ಸಣ್ಣವೋ

ಹುಬ್ಬಳ್ಳಿ ದಾರಿ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 410 ಕಿ.ಮೀ., ಬಹುತೇಕ ಸಮತಟ್ಟು, ಆರು ಪಥ. 100ರ ವೇಗಕ್ಕೆ 16 ಯೂನಿಟ್ ಹಿಡಿಯಿರಿ.

ಒಂದೇ ಸಲ ನಿಲ್ಲುವುದಾದರೆ ಚಿತ್ರದುರ್ಗ, 200 ಕಿ.ಮೀ. ಅಲ್ಲಿಗೆ 71 ಪರ್ಸೆಂಟ್ ಖರ್ಚಾಗಿ 29 ಉಳಿದಿರುತ್ತದೆ. ಮುಂದಿನ 210 ಕಿ.ಮೀ.ಗೆ 75 ಬೇಕು, ಮೇಲೆ 15 ಇರಲಿ, ಅಂದರೆ 90ರವರೆಗೆ ತುಂಬಿಸಬೇಕು. 29ರಿಂದ 80ಕ್ಕೆ 23 ಯೂನಿಟ್, 40 ಕಿಲೋವ್ಯಾಟ್ ಸರಾಸರಿಯಲ್ಲಿ 35 ನಿಮಿಷ. ಆದರೆ 80ರಿಂದ 90ರ ನಾಲ್ಕೂವರೆ ಯೂನಿಟ್‌ಗೇ ಇನ್ನೊಂದು ಕಾಲು ಗಂಟೆ. ತುಂಬಿದ ಬ್ಯಾಟರಿಗೆ ಕರೆಂಟು ತುರುಕಲು ಹೋದರೆ ಸೆಲ್ಲಿನ ವೋಲ್ಟೇಜ್ ಮಿತಿ ಮೀರುತ್ತದೆ, ಹಾಗಾಗಿ ಕಾರೇ ಹರಿವನ್ನು ಇಳಿಸುತ್ತದೆ. ಬಿಂದಿಗೆ ತುಂಬುತ್ತಾ ಬಂದಾಗ ನಲ್ಲಿ ಸಣ್ಣ ಮಾಡಿದ ಹಾಗೆ. ಒಟ್ಟು 50 ನಿಮಿಷ.

ಎರಡು ಸಲ ನಿಲ್ಲುವುದಾದರೆ ಹಿರಿಯೂರು, ರಾಣೆಬೆನ್ನೂರು. ಹಿರಿಯೂರಿಗೆ 160 ಕಿ.ಮೀ., 43 ಪರ್ಸೆಂಟ್‌ನಲ್ಲಿ ಮುಟ್ಟಿ 75ಕ್ಕೆ ಏರಿಸಿದರೆ 20 ನಿಮಿಷ ಸಾಕು. ರಾಣೆಬೆನ್ನೂರು ಅಲ್ಲಿಂದ 140 ಕಿ.ಮೀ., 25ರಲ್ಲಿ ಮುಟ್ಟಿ 65ರವರೆಗೆ ಇನ್ನೊಂದು 25 ನಿಮಿಷ. ಹುಬ್ಬಳ್ಳಿಗೆ 26 ಪರ್ಸೆಂಟ್ ಕೈಯಲ್ಲಿಟ್ಟುಕೊಂಡೇ ಇಳಿಯುತ್ತೀರಿ. ಚಾರ್ಜಿಂಗ್ ಹೊತ್ತು 45 ನಿಮಿಷ. ಆದರೆ ಪ್ರತಿ ನಿಲುಗಡೆಗೂ ಹೆದ್ದಾರಿ ಇಳಿದು, ಜಾಗ ಹುಡುಕಿ, ಗನ್ ಸಿಕ್ಕಿಸಿ, ಆ್ಯಪ್ ಒತ್ತಿ ಮತ್ತೆ ರಸ್ತೆಗೆ ಏರಲು ಎಂಟು ಹತ್ತು ನಿಮಿಷ ಹೋಗುತ್ತದೆ. ಹಾಗೆ ನೋಡಿದರೆ ಮೂರರಿಂದ ಐದು ನಿಮಿಷ ನಷ್ಟವೇ.

ಹೊತ್ತಿನ ಮಟ್ಟಿಗೆ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಏನಾದರೂ ಕೆಟ್ಟಾಗ. ಮೊದಲ ಯೋಜನೆಯಲ್ಲಿ ಚಿತ್ರದುರ್ಗ ಕೈಕೊಟ್ಟರೆ 29 ಪರ್ಸೆಂಟ್‌ನಲ್ಲಿ 60 ಕಿ.ಮೀ. ಮುಂದಿನ ದಾವಣಗೆರೆಗೆ ಹೋಗಬೇಕು. ಸಾಧ್ಯ, ಆದರೆ ಮುಟ್ಟುವಾಗ 7, 8 ಪರ್ಸೆಂಟ್. ಅಲ್ಲೂ ಸರದಿ ಇದ್ದರೆ ಬೆಣ್ಣೆ ದೋಸೆ ರುಚಿಸುವುದಿಲ್ಲ. ಎರಡನೆಯದರಲ್ಲಿ ಹಿರಿಯೂರಿನ ಚಾರ್ಜರ್ ಸತ್ತಿದ್ದರೂ 43 ಪರ್ಸೆಂಟ್ ಇದೆ, ತಲೆ ಕೆಡಿಸಿಕೊಳ್ಳದೆ ಚಿತ್ರದುರ್ಗಕ್ಕೆ ಹೋಗಬಹುದು. ಎರಡು ಮೂರು ಗನ್ ಇರುವ ಜಾಗದಲ್ಲಿ ಊಟಕ್ಕೆ ಕೂರುವುದು ಹೇಗೂ ಇದ್ದರೆ ಒಂದು ದೊಡ್ಡ ನಿಲುಗಡೆ. ಒಂಟಿ ಗನ್ನಿನ ಜಾಗಗಳೇ ಸಿಗುವ ದಾರಿಯಾದರೆ, ಹಬ್ಬದ ವಾರಾಂತ್ಯವಾದರೆ ಎರಡು ಸಣ್ಣವು. ಎರಡು ಸಲ ನಿಲ್ಲುವುದಾದರೆ ಮೊದಲ ನಿಲುಗಡೆ 35, 40 ಪರ್ಸೆಂಟ್‌ಗಿಂತ ಕೆಳಗೆ ಹೋಗದಿರಲಿ. ‘ಇನ್ನೂ ಇದೆಯಲ್ಲಾ, ಮುಂದೆ ನೋಡೋಣ’ ಅನ್ನುವ ಹಂತದಲ್ಲೇ ನಿಂತರೆ ಕೆಟ್ಟ ಚಾರ್ಜರ್ ಬರೀ ಹತ್ತು ನಿಮಿಷದ ನಷ್ಟ. 12 ಪರ್ಸೆಂಟ್‌ನಲ್ಲಿ ನಿಂತರೆ ಅದೇ ಚಾರ್ಜರ್ ಟೋಯಿಂಗ್ ಲಾರಿಯ ಖರ್ಚು.

ಈ ದಾರಿಯಲ್ಲಿ ಗಾಳಿಯನ್ನು ಮರೆಯುವ ಹಾಗಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ, ಹುಬ್ಬಳ್ಳಿಗೆ ಹೋಗುವವರ ಮುಖಕ್ಕೇ ಹೊಡೆಯುತ್ತದೆ. 90ರಲ್ಲಿ ಹೋಗುತ್ತಾ ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬಂದರೆ ಕಾರಿಗೆ ಅದು 110ರ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅಷ್ಟು ಭಾಗದ ಖರ್ಚು ಒಂದೂವರೆ ಪಟ್ಟಾಗುತ್ತದೆ. ಹೋಗುವಾಗ ಬೇಕಾಗಿದ್ದ ಎರಡನೆಯ ನಿಲುಗಡೆ ಬರುವಾಗ ಬೇಡವೆನಿಸಿದರೆ ಕಾರು ಕೆಟ್ಟಿದೆ ಎಂದುಕೊಳ್ಳಬೇಡಿ.

30, 60, 120: ಬೋರ್ಡಿನ ಅಂಕಿ ಯಾರಿಗೆ

ಚಾರ್ಜರ್ ಕೊಡುವ ಶಕ್ತಿ ಎಂದರೆ ವೋಲ್ಟೇಜ್ ಗುಣಿಸು ಆ್ಯಂಪ್. ವೋಲ್ಟೇಜನ್ನು ನಿರ್ಧರಿಸುವುದು ನಿಮ್ಮ ಬ್ಯಾಟರಿ, ಆ್ಯಂಪಿನ ಮಿತಿ ಚಾರ್ಜರ್ ಮತ್ತು ಗನ್ನಿನದು. 330 ವೋಲ್ಟಿನ ಬ್ಯಾಟರಿಗೆ 60 ಕಿಲೋವ್ಯಾಟ್ ಬೇಕಾದರೆ 180 ಆ್ಯಂಪ್ ಹರಿಯಬೇಕು. ಗನ್ನಿನ ಮಿತಿ 125 ಆ್ಯಂಪ್ ಆಗಿದ್ದರೆ 60 ಎಂದು ಬರೆದಿರುವ ಯಂತ್ರದಿಂದಲೂ 41ರ ಮೇಲೆ ಬರುವುದಿಲ್ಲ. ಕಾರಿಗೂ ತನ್ನದೇ ಮಿತಿ ಇದೆ. 60 ಕಿಲೋವ್ಯಾಟ್‌ವರೆಗೆ ಮಾತ್ರ ತೆಗೆದುಕೊಳ್ಳುವ ಕಾರನ್ನು 120ರ ಯಂತ್ರಕ್ಕೆ ಕಟ್ಟಿದರೆ ಒಂದು ನಿಮಿಷವೂ ಉಳಿಯುವುದಿಲ್ಲ. ಅಯಾನಿಕ್ 5, ಇವಿ6 ಥರದ 800 ವೋಲ್ಟಿನ ಕಾರುಗಳಿಗೆ, ಮಹೀಂದ್ರಾ ಬಿಇ 6, ಎಕ್ಸ್‌ಇವಿ 9ಇ ಥರದ ವೇಗದ ಕಾರುಗಳಿಗೆ ಆ ದೊಡ್ಡ ಅಂಕಿ ಅರ್ಥಪೂರ್ಣ.

ಹಾಗಿದ್ದರೂ ಸಾಮಾನ್ಯ ಕಾರಿನವರು 120ರ ಯಂತ್ರವನ್ನು ಆರಿಸಲು ಒಂದು ಒಳ್ಳೆಯ ಕಾರಣ ಇದೆ: ಹಂಚಿಕೆ. ಎರಡು ಗನ್ನಿನ 60ರ ಯಂತ್ರದಲ್ಲಿ ಪಕ್ಕಕ್ಕೆ ಇನ್ನೊಂದು ಕಾರು ಬಂದು ನಿಂತ ಕ್ಷಣ ಬಹಳ ಕಡೆ 30, 30 ಆಗಿ ಒಡೆಯುತ್ತದೆ. 48 ತೋರಿಸುತ್ತಿದ್ದ ಅಂಕಿ ಕಣ್ಣೆದುರೇ 29ಕ್ಕೆ ಇಳಿಯುತ್ತದೆ, ನಿಮ್ಮ 40 ನಿಮಿಷ ಒಂದು ಗಂಟೆಯಾಗುತ್ತದೆ. 120ರ ಯಂತ್ರ ಒಡೆದರೂ ನಿಮಗೆ 60 ಉಳಿಯುತ್ತದೆ.

30ರ ಯಂತ್ರವನ್ನು ಕಡೆಗಣಿಸಬೇಡಿ. 15ರಿಂದ 80ಕ್ಕೆ 29 ಯೂನಿಟ್, 30ರಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. 60ರಲ್ಲಿ 40 ನಿಮಿಷ. ಊಟಕ್ಕೆ ಕೂತವರಿಗೆ ಆ 20 ನಿಮಿಷ ಗೊತ್ತೂ ಆಗುವುದಿಲ್ಲ. ತುಂಬಿದ ಬಂಕಿನಲ್ಲಿ ಒಬ್ಬರ ಹಿಂದೆ ಕಾಯುವುದಕ್ಕಿಂತ ಖಾಲಿ ಇರುವ 30 ಬೇಗ ಮುಗಿಯುತ್ತದೆ. ಮುಂದಿರುವವರು ‘ಪೂರ್ತಿ ನೂರು ಮಾಡ್ಕೊಂಡು ಹೋಗ್ತೀನಿ’ ಅಂದರಂತೂ ಆ ಕೊನೆಯ 20 ಪರ್ಸೆಂಟ್‌ಗೇ 40 ನಿಮಿಷದ ಮೇಲೆ ಹಿಡಿಯುತ್ತದೆ. ಹಳೆಯ 15 ಕಿಲೋವ್ಯಾಟ್‌ನ ಭಾರತ್ ಡಿಸಿ ಯಂತ್ರಗಳು ಕೆಲವು ಕಡೆ ಇನ್ನೂ ಆ್ಯಪ್‌ನಲ್ಲಿ ಕಾಣುತ್ತವೆ. ಅವುಗಳ ಗನ್ ಬೇರೆ, ಸಿಸಿಎಸ್2 (ಈಗಿನ ಕಾರುಗಳ ಸಾಮಾನ್ಯ ವೇಗದ ಚಾರ್ಜಿಂಗ್ ಪ್ಲಗ್) ಇರುವ ಕಾರಿಗೆ ಕೂರುವುದೇ ಇಲ್ಲ. ಫಿಲ್ಟರಿನಲ್ಲಿ ಸಿಸಿಎಸ್2 ಒಂದನ್ನೇ ಗುರುತು ಹಾಕಿಟ್ಟುಕೊಳ್ಳಿ.

ಬೆಲೆ ಹೋಲಿಸುವಾಗ ತೆರಿಗೆ ಸೇರಿದೆಯೋ ನೋಡಿ. ಚಾರ್ಜಿಂಗ್ ಸೇವೆಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ. ಯೂನಿಟ್‌ಗೆ 20 ರೂಪಾಯಿ ಅಂದದ್ದು ಬಿಲ್ಲಿನಲ್ಲಿ 23.60 ಆಗುತ್ತದೆ. ಬ್ಯಾಟರಿಗೆ 29 ಯೂನಿಟ್ ಸೇರಲು ಯಂತ್ರದ ಮೀಟರಿನಲ್ಲಿ 31ರ ಆಸುಪಾಸು ಓಡುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಒಟ್ಟು ಸುಮಾರು 730 ರೂಪಾಯಿ. ಇದಕ್ಕೆ ಹೋಲಿಸಿದರೆ ಮನೆಯ ಕರೆಂಟು ಮೂರನೇ ಒಂದು ಭಾಗದ ಖರ್ಚು. ಹೊರಡುವಾಗ 100 ಇರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಹೋಟೆಲು, ಬಂಕು, ಷೋರೂಮು

ಹೆದ್ದಾರಿ ಹೋಟೆಲಿನ ಚಾರ್ಜರಿಗೆ ಶೌಚಾಲಯ, ತಿಂಡಿ, ನೆರಳು, ಮಾತಾಡಿಸಲು ಒಬ್ಬ ಸೆಕ್ಯುರಿಟಿ ಸಿಗುತ್ತಾರೆ. ತೊಂದರೆ ಎಂದರೆ ತಿಂಡಿ ಹೊತ್ತಿನ ನೂಕುನುಗ್ಗಲು. ಐದಕ್ಕೆ ಬೆಂಗಳೂರು ಬಿಟ್ಟವರೆಲ್ಲ ಏಳು, ಏಳೂವರೆಗೆ ಯಡಿಯೂರು, ಬೆಳ್ಳೂರು ಕ್ರಾಸ್ ಸುತ್ತ ಒಟ್ಟಿಗೆ ಇಳಿಯುತ್ತಾರೆ. ಗನ್ನಿನ ಮುಂದೆ ಪೆಟ್ರೋಲ್ ಕಾರು ನಿಲ್ಲಿಸಿ ಒಳಗೆ ಹೋಗಿ ಕೂತವರನ್ನು ಮೈಕಿನಲ್ಲಿ ಕೂಗಿಸಬೇಕಾಗುತ್ತದೆ. ಬಂಕುಗಳಲ್ಲಿ ಜಾಗ ಖುಲ್ಲಾ, ರಾತ್ರಿಯೂ ಬೆಳಕು, ಆದರೆ ಕೂರಲು ಏನೂ ಇಲ್ಲ, ಮಳೆಯಲ್ಲಿ ಗನ್ನಿನ ಮೇಲೆ ಸೂರು ಇರುವುದು ಅಪರೂಪ. ಕಾರು ಕಂಪನಿಗಳ ಷೋರೂಮಿನ ಚಾರ್ಜರ್ ಸಂಜೆ ಗೇಟು ಹಾಕಿದ ಮೇಲೆ ಸಿಗದು, ಭಾನುವಾರ ಅನುಮಾನ. ಸರ್ವಿಸಿಗೆ ಬಂದ ಕಾರುಗಳೇ ಅದನ್ನು ಹಿಡಿದಿಟ್ಟಿರುತ್ತವೆ. ಅದನ್ನು ಹಗಲಿನ ಎರಡನೆಯ ಆಯ್ಕೆಯಾಗಿ ಮಾತ್ರ ಬರೆದಿಟ್ಟುಕೊಳ್ಳಿ.

ಮೈಸೂರು ದಾರಿಯಲ್ಲಿ ಇನ್ನೊಂದು ತೊಡಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ. ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವ ಊರನ್ನೂ ಒಳಹೊಕ್ಕುವುದಿಲ್ಲ. ಮ್ಯಾಪಿನಲ್ಲಿ ‘300 ಮೀಟರ್’ ಎಂದು ಕಾಣುವ ಚಾರ್ಜರ್ ಬೇಲಿಯಾಚೆಯ ಹಳೆಯ ರಸ್ತೆಯಲ್ಲಿರುತ್ತದೆ. ಅದಕ್ಕೆ ಹಿಂದಿನ ನಿರ್ಗಮನದಲ್ಲೇ ಇಳಿದಿರಬೇಕಿತ್ತು. ಬೆಂಗಳೂರಿನ ಕಡೆಗೆ ಹೋಗುವ ಬದಿಯಲ್ಲಿರುವುದು ಮೈಸೂರಿನ ಕಡೆ ಹೋಗುವವರಿಗೆ ಇಲ್ಲದಿದ್ದ ಹಾಗೆ. ನಿಜ ಹೇಳಬೇಕೆಂದರೆ 45 ಯೂನಿಟ್ ಕಾರಿಗೆ ಈ ದಾರಿಯಲ್ಲಿ ನಿಲ್ಲುವ ಅಗತ್ಯವೇ ಇಲ್ಲ. ಮೈಸೂರಿನಲ್ಲಿ ಅರಮನೆ ನೋಡುವ ಹೊತ್ತಿಗೆ ಎಲ್ಲಾದರೂ ಎಸಿ ಪಾಯಿಂಟಿಗೆ ಹಾಕಿದರೆ ವಾಪಸು ಬರಲು ಸಾಕು. ಅಲ್ಲಿಂದ ಗುಂಡ್ಲುಪೇಟೆ ದಾಟಿ ಊಟಿಗೆ ಹೋಗುವವರು ಮಾತ್ರ ಬಂಡೀಪುರದ ಗೇಟನ್ನು ನೆನಪಿಡಬೇಕು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಇಲ್ಲ. ಸಂಜೆ ಏಳೂವರೆಗೆ ನಂಜನಗೂಡಿನಲ್ಲಿ ಚಾರ್ಜಿಗೆ ಸರದಿ ನಿಂತರೆ ಆ ರಾತ್ರಿ ಈ ಕಡೆಯೇ. ಗುಂಡ್ಲುಪೇಟೆಯಿಂದ ಊಟಿಗೆ ಸುಮಾರು 1,400 ಮೀಟರ್ ಏರು. ಏರಿಗೆ ಮಾತ್ರವೇ ಏಳೆಂಟು ಯೂನಿಟ್ ಬೇರೆ ತೆಗೆದಿಡಿ.

ಘಾಟಿ: ಇಳಿಯುವ ಲೆಕ್ಕ ಬೇರೆ, ಏರುವ ಲೆಕ್ಕ ಬೇರೆ

ಮಂಗಳೂರು ದಾರಿಗೆ ಬರೋಣ. ಬೆಂಗಳೂರು, ಹಾಸನ, ಸಕಲೇಶಪುರ ಮೂರೂ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲೆ. ಮಂಗಳೂರು ಕಡಲ ಪಕ್ಕ. ಎತ್ತರವೆಲ್ಲ ಶಿರಾಡಿಯಲ್ಲಿ ಒಮ್ಮೆಲೇ ಕಳೆಯುತ್ತದೆ. ಕಾರು, ನಾಲ್ವರು, ಸಾಮಾನು ಸೇರಿ 1,800 ಕಿಲೋ ಇದ್ದರೆ ಅದನ್ನು 900 ಮೀಟರ್ ಎತ್ತಲು 4.4 ಯೂನಿಟ್ ಬೇಕು, ಮೋಟಾರಿನ ನಷ್ಟ ಸೇರಿ 5. ಇಳಿಯುವಾಗ ರೀಜೆನ್‌ನಿಂದ (ಕಾರು ನಿಧಾನವಾಗುವಾಗ ಮೋಟಾರೇ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುವುದು) ಮರಳುವುದು ಮೂರು ಯೂನಿಟ್‌ನಷ್ಟು.

ಈಗ ಹೋಗುವ ಲೆಕ್ಕ. ಹಾಸನಕ್ಕೆ 183 ಕಿ.ಮೀ., 90ರ ವೇಗಕ್ಕೆ 15 ಯೂನಿಟ್ ಹಿಡಿದರೆ 39 ಪರ್ಸೆಂಟ್‌ನಲ್ಲಿ ಮುಟ್ಟುತ್ತೀರಿ. ಮುಂದಿನ 170 ಕಿ.ಮೀ.ಗೆ 24 ಯೂನಿಟ್, ಇಳಿಜಾರಿನಲ್ಲಿ 3 ವಾಪಸು, ಒಟ್ಟು 47 ಪರ್ಸೆಂಟ್. 15 ಮೀಸಲಿಟ್ಟರೆ ಹಾಸನದಲ್ಲಿ 62 ಆದರೆ ಸಾಕು; ಕಾಲು ಗಂಟೆಯ ಕೆಲಸ. ಬರುವಾಗ ಅದೇ 170 ಕಿ.ಮೀ.ಗೆ 29 ಯೂನಿಟ್, 64 ಪರ್ಸೆಂಟ್. ಮಂಗಳೂರಿನಲ್ಲಿ 100 ಮಾಡಿಕೊಂಡು ಹೊರಟರೂ ಹಾಸನಕ್ಕೆ 36ರಲ್ಲಿ ಬರುತ್ತೀರಿ, ಬೆಂಗಳೂರಿಗೆ 76 ಬೇಕು, ಅರ್ಧ ಗಂಟೆ ನಿಲ್ಲಲೇಬೇಕು. ಮಂಗಳೂರಿನಲ್ಲಿ 80ಕ್ಕೇ ಬಿಟ್ಟು ಹೊರಟವರು ಹಾಸನಕ್ಕೆ 16ರಲ್ಲಿ ಬಂದು ಬೆವರುತ್ತಾರೆ.

ಘಾಟಿಯಲ್ಲಿ ಡ್ಯಾಷ್‌ಬೋರ್ಡ್ ಹೇಳುವ ಕಿಲೋಮೀಟರನ್ನು ನಂಬಬೇಡಿ. ಅದು ಹಿಂದಿನ ಕೆಲವು ಕಿ.ಮೀ.ಗಳ ಖರ್ಚನ್ನೇ ಮುಂದಕ್ಕೆ ಎಳೆಯುವ ಅಂದಾಜು. ಗುಂಡ್ಯದಿಂದ ಏರುವಾಗ 210 ಇದ್ದದ್ದು ನೋಡನೋಡುತ್ತಾ 140 ಆಗುತ್ತದೆ, ಪಕ್ಕದಲ್ಲಿ ಕೂತವರ ಮುಖ ಸಣ್ಣಗಾಗುತ್ತದೆ. ಸಕಲೇಶಪುರ ದಾಟಿ ಹತ್ತಿಪ್ಪತ್ತು ಕಿ.ಮೀ. ಓಡಿದರೆ ಮತ್ತೆ ಏರುತ್ತದೆ. ಪರ್ಸೆಂಟ್ ಒಂದನ್ನೇ ನೋಡಿ.

ಸಕಲೇಶಪುರದ ಹೋಂಸ್ಟೇಯಲ್ಲಿ ರಾತ್ರಿ ತಂಗಿ ಬೆಳಗ್ಗೆ ಘಾಟಿ ಇಳಿಯುವವರು 100 ತುಂಬಿಸಬೇಡಿ. ತುಂಬಿದ ಬ್ಯಾಟರಿಗೆ ರೀಜೆನ್‌ನ ಕರೆಂಟು ಹಿಡಿಸಲು ಜಾಗವಿಲ್ಲ, ಕಾರು ರೀಜೆನ್ನನ್ನೇ ಆರಿಸುತ್ತದೆ ಅಥವಾ ತೀರಾ ಇಳಿಸುತ್ತದೆ. ನಿನ್ನೆಯವರೆಗೆ ಪೆಡಲ್ ಬಿಟ್ಟರೆ ಹಿಡಿಯುತ್ತಿದ್ದ ಕಾರು ಮೊದಲ ತಿರುವಿನಲ್ಲೇ ಜಾರಿಕೊಂಡು ಹೋಗುತ್ತದೆ, ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ. 85, 90ಕ್ಕೆ ನಿಲ್ಲಿಸಿ.

ಮಳೆಗಾಲದಲ್ಲಿ ಇನ್ನೊಂದು ಹೋಲಿಕೆ ಕೈಯಲ್ಲಿರಬೇಕು. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಶಿರಾಡಿಯಲ್ಲಿ ಸಂಚಾರ ನಿಂತಿತ್ತು. ಅಂಥದ್ದು ಪ್ರತಿ ಮಳೆಗಾಲಕ್ಕೂ ನಿರೀಕ್ಷಿಸಬೇಕಾದದ್ದೇ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಮೂಲಕ ಹೋದರೆ ಹಾದಿ 30, 40 ಕಿ.ಮೀ. ಬೆಳೆಯುತ್ತದೆ, ಮಂಜಿನಲ್ಲಿ ನಿಂತು ನಿಂತು ಸಾಗಬೇಕು. ಅದಕ್ಕೆ 12 ಪರ್ಸೆಂಟ್ ಹೆಚ್ಚು. ಕವಲು ಒಡೆಯುವುದು ಹಾಸನದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸನದಲ್ಲಿ 62ಕ್ಕೆ ಗನ್ ಕೀಳದೆ 80 ಮುಟ್ಟಿಸಿಯೇ ಹೊರಡಿ. ಸಕಲೇಶಪುರಕ್ಕೆ ಹೋದ ಮೇಲೆ ಪೊಲೀಸರು ವಾಪಸು ಕಳಿಸಿದರೂ ದಾರಿ ಇರುತ್ತದೆ.

ರಾತ್ರಿಯ 15 ಆ್ಯಂಪ್

ಅತಿ ಅಗ್ಗದ, ಅತಿ ನೆಮ್ಮದಿಯ ನಿಲುಗಡೆ ಎಂದರೆ ನೀವು ಮಲಗಿರುವಾಗ ಆಗುವ ಚಾರ್ಜ್. 7.2 ಕಿಲೋವ್ಯಾಟ್‌ನ ಎಸಿ ಪಾಯಿಂಟ್ ಇರುವ ಹೋಟೆಲಾದರೆ ಏಳು ಗಂಟೆಯಲ್ಲಿ ಖಾಲಿಯಿಂದ ಪೂರ್ತಿ. ಸಾಮಾನ್ಯ 15 ಆ್ಯಂಪ್ ಸಾಕೆಟ್ಟಿನಲ್ಲಿ ಬ್ಯಾಟರಿಗೆ ಸೇರುವುದು ಗಂಟೆಗೆ ಮೂರು ಯೂನಿಟ್ ಅಷ್ಟೇ. ಇದನ್ನು ಮನೆಯಲ್ಲೂ ಲೆಕ್ಕ ಹಾಕಿ: ಶುಕ್ರವಾರ ರಾತ್ರಿ ಹತ್ತಕ್ಕೆ ಅಪಾರ್ಟ್‌ಮೆಂಟಿನ ಸಾಕೆಟ್ಟಿಗೆ ಹಾಕಿ ಬೆಳಗ್ಗೆ ಐದಕ್ಕೆ ಕಿತ್ತರೆ 21 ಯೂನಿಟ್, 46 ಪರ್ಸೆಂಟ್. ಶುಕ್ರವಾರ 40ರಲ್ಲಿ ಮನೆಗೆ ಬಂದವರು 100 ಕಾಣುವುದಿಲ್ಲ. ಗುರುವಾರವೇ ಶುರುಮಾಡಿ.

ಮಲೆನಾಡಿನ ಹೋಂಸ್ಟೇಗಳಲ್ಲಿ ಸಾಕೆಟ್ ಇರುತ್ತದೆ, ಅರ್ಥಿಂಗ್ ಇರುವುದಿಲ್ಲ. ಪೋರ್ಟಬಲ್ ಚಾರ್ಜರ್ ಸಿಕ್ಕಿಸಿದ ಕೂಡಲೇ ಕೆಂಪು ದೀಪ ಹೊಡೆದರೆ ಬಹುಪಾಲು ಅದೇ ಕಾರಣ. ಅದನ್ನು ಯಾಮಾರಿಸಲು ನ್ಯೂಟ್ರಲ್ಲನ್ನು ಅರ್ಥಿಗೆ ಕಟ್ಟುವ ಪ್ಲಗ್ಗುಗಳು ಸಿಗುತ್ತವೆ, ಮುಟ್ಟಬೇಡಿ; ನ್ಯೂಟ್ರಲ್ ಕಡಿದುಹೋದ ದಿನ ಕಾರಿನ ಮೈಗೇ ಕರೆಂಟು ಬರುತ್ತದೆ. ಬೇರೆ ಸಾಕೆಟ್ ನೋಡಿ. ಗೀಸರಿನದು, ನೀರಿನ ಪಂಪಿನದು ಸಾಮಾನ್ಯವಾಗಿ ಸರಿಯಾಗಿ ಎಳೆದ ಲೈನಾಗಿರುತ್ತದೆ. ಇನ್ವರ್ಟರ್ ಲೈನು ಬೇಡವೇ ಬೇಡ. ನಿಮ್ಮ ಜೊತೆ ಒಯ್ಯುವ ಎಕ್ಸ್‌ಟೆನ್ಷನ್ 2.5 ಚದರ ಮಿ.ಮೀ.ಗೆ ಕಡಿಮೆಯಿಲ್ಲದ ಮೂರು ಎಳೆಯ ತಾಮ್ರದ ವೈರಿನದ್ದಾಗಿರಲಿ, 15 ಮೀಟರ್ ದಾಟಿದರೆ 4 ಚದರ. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ವೈರು ಎಂಟು ಗಂಟೆ 15 ಆ್ಯಂಪ್ ಹೊತ್ತರೆ ಒಳಗೇ ಬೆಂದು ರಬ್ಬರು ಕರಗುತ್ತದೆ. ಅರ್ಧ ಗಂಟೆ ಬಿಟ್ಟು ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಕಾರಿನಲ್ಲೋ ಚಾರ್ಜರಿನಲ್ಲೋ ಆ್ಯಂಪ್ ಇಳಿಸಿ. ಸಂಜೆ ವೋಲ್ಟೇಜ್ 180ಕ್ಕೆ ಬಿದ್ದು ಚಾರ್ಜ್ ನಿಲ್ಲುವ ಊರುಗಳಲ್ಲಿ ರಾತ್ರಿ ಹನ್ನೊಂದರ ನಂತರ ಹಾಕುವುದೇ ಮೇಲು. ಯಜಮಾನರಿಗೆ ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಡುತ್ತೇನೆಂದು ಮೊದಲೇ ಹೇಳಿ. ಮುಂದಿನ ಕಾರಿನವರಿಗೂ ಸಾಕೆಟ್ ಸಿಗುತ್ತದೆ.

ಆ್ಯಪ್ ಹೇಳುವುದು, ಫೋನು ಹೇಳುವುದು

ಆ್ಯಪ್‌ನ ಹಸಿರು ಎಂದರೆ ಯಂತ್ರ ಇಂಟರ್ನೆಟ್ಟಿಗೆ ಸಿಕ್ಕಿದೆ ಎಂದಷ್ಟೇ. ಹಾಗಾಗಿ ಮೂರು ಕಡೆ ನೋಡಿ. ಟಾಟಾ ಪವರ್, ಸ್ಟ್ಯಾಟಿಕ್, ಜಿಯೋ-ಬಿಪಿ, ಝಿಯಾನ್ ಮುಂತಾದವರ ಸ್ವಂತ ಆ್ಯಪ್ ಗನ್ನಿನ ಈ ಕ್ಷಣದ ಸ್ಥಿತಿಗೆ ವಾಸಿ. ಪ್ಲಗ್‌ಶೇರ್ ಥರದ್ದು ಹಿಂದಿನ ಎರಡು ದಿನ ಅಲ್ಲಿ ಯಾರಿಗಾದರೂ ಚಾರ್ಜ್ ಆಯಿತೇ ಎಂದು ತಿಳಿಯಲು. ಬೆಸ್ಕಾಂ ಕೇಂದ್ರಗಳಿಗೆ ಇವಿ ಮಿತ್ರ. ಎಲ್ಲದರಲ್ಲೂ ಮನೆಯಲ್ಲೇ ನೋಂದಾಯಿಸಿ, ಮುಖ್ಯವಾದ ಎರಡರ ವಾಲೆಟ್ಟಿಗೆ ಸ್ವಲ್ಪ ದುಡ್ಡು ತುಂಬಿಡಿ. ನೆಟ್‌ವರ್ಕ್ ಒಂದು ಕಡ್ಡಿಯಲ್ಲಿರುವ ಊರಿನಲ್ಲಿ ಒಟಿಪಿಗೆ ಕಾಯುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಒಂದು ಫೋನ್ ಕರೆ, ಅದೂ ಚಾರ್ಜರ್ ಕಂಪನಿಗಲ್ಲ, ಆ ಹೋಟೆಲಿನ ಕ್ಯಾಷ್ ಕೌಂಟರಿಗೆ. ‘ಚಾರ್ಜರ್ ಇದೆಯಾ’ ಅಂದರೆ ‘ಇದೆ ಸರ್, ಬನ್ನಿ’ ಎಂಬ ಉತ್ತರವೇ ಬರುತ್ತದೆ. ಹೀಗೆ ಕೇಳಿ: ‘ಅಣ್ಣಾ, ಇವತ್ತು ಬೆಳಗ್ಗೆಯಿಂದ ಯಾವ್ದಾದ್ರೂ ಗಾಡಿ ಚಾರ್ಜ್ ಆಯ್ತಾ? ಈಗ ಕರೆಂಟಿದೆಯಾ?’ ಆಗ ನಿಜ ಹೊರಬರುತ್ತದೆ: ‘ನಿನ್ನೆ ಆಗಿತ್ತು ಸರ್, ಇವತ್ತು ಲೈನ್ ತೆಗ್ದಿದಾರೆ, ಮೂರು ಗಂಟೆಗೆ ಬರುತ್ತಂತೆ.’ 40 ಪರ್ಸೆಂಟ್ ಇರುವಾಗ ಈ ಕರೆ ಮಾಡಬೇಕು.

ಗನ್ ಸಿಕ್ಕಿಸುವುದರಲ್ಲೂ ಒಂದು ಕ್ರಮ ಇದೆ. ಗನ್ನಿನ ಬಾಯಿ ನೋಡಿ: ಕೆಳಗಿನ ಎರಡು ದಪ್ಪ ಸಂಪರ್ಕಗಳು ಕರೆಂಟಿಗೆ, ಮೇಲಿನ ಗುಂಡು ಭಾಗದ ಸಣ್ಣ ಪಿನ್ನುಗಳು ಕಾರು ಮತ್ತು ಯಂತ್ರದ ಮಾತುಕತೆಗೆ. ಕೇಬಲ್ಲಿನ ಭಾರಕ್ಕೆ ಗನ್ ಕೆಳಕ್ಕೆ ಬಾಗಿದರೆ ಸಡಿಲವಾಗುವುದು ಆ ಸಣ್ಣ ಪಿನ್ನುಗಳೇ. ಹತ್ತು ಸೆಕೆಂಡು ಓಡಿ ‘ಫಾಲ್ಟ್’ ಬೀಳುವುದಕ್ಕೆ ಬಹಳ ಸಲ ಇಷ್ಟೇ ಕಾರಣ. ಕಾರು ಆರಿಸಿ, ಗನ್ನಿನ ಹೊಟ್ಟೆಗೆ ಅಂಗೈ ಕೊಟ್ಟು ಮೇಲೆತ್ತಿ ಒಳಗೊತ್ತಿ, ಲಾಕ್ ಟಕ್ ಎಂದ ಮೇಲೂ ಕೈ ತೆಗೆಯದೆ ಆ್ಯಪ್‌ನಲ್ಲಿ ಶುರುಮಾಡಿ, ಯೂನಿಟ್ ಏರುವುದು ಕಂಡ ಮೇಲೆ ಬಿಡಿ. ಆಗದಿದ್ದರೆ ಕಿತ್ತು, ಕಾರನ್ನು ಲಾಕ್ ಮಾಡಿ, ಒಂದು ನಿಮಿಷ ಬಿಟ್ಟು ಮತ್ತೆ. ಎರಡು ಸಲ ಸೋತರೆ ಇನ್ನೊಂದು ಗನ್. ಯಂತ್ರದ ಪರದೆಯೇ ಕಪ್ಪಗಿದ್ದರೆ ಕೆಂಪು ಅಣಬೆಯಾಕಾರದ ತುರ್ತು ಸ್ವಿಚ್ ನೋಡಿ. ಯಾರೋ ಮಕ್ಕಳು ಒತ್ತಿ ಹೋಗಿರುತ್ತಾರೆ, ಬಾಣದ ದಿಕ್ಕಿಗೆ ತಿರುಗಿಸಿದರೆ ಹೊರಗೆ ಬರುತ್ತದೆ, ಯಂತ್ರ ಎಚ್ಚರಗೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಅದೂ ಅಲ್ಲವಾದರೆ ಸ್ಟಿಕರಿನ ಮೇಲಿನ ಸಹಾಯವಾಣಿಗೆ ಫೋನು ಮಾಡಿ ದೂರದಿಂದಲೇ ರೀಬೂಟ್ ಮಾಡಿಸಿ. ಊರಿಗೇ ಕರೆಂಟಿಲ್ಲದಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕೇಳಿ, ಎಷ್ಟು ಹೊತ್ತು ಎಂದು ತಿಳಿದರೆ ಕಾಯುವುದೋ ಹೋಗುವುದೋ ತೀರ್ಮಾನಿಸಬಹುದು. ಹೆದ್ದಾರಿ ಮಧ್ಯೆಯೇ ನಿಂತುಹೋದರೆ ಹೆದ್ದಾರಿ ಸಹಾಯವಾಣಿ 1033.

ಚಾರ್ಜ್ ಮುಗಿದ ಮೇಲೆ ಗನ್ ಬಿಡದಿರುವುದೂ ಉಂಟು. ಜಗ್ಗಬೇಡಿ. ಆ್ಯಪ್‌ನಲ್ಲಿ ಮುಗಿಸಿ, ಕೀಲಿಯಿಂದ ಕಾರನ್ನು ಒಮ್ಮೆ ಲಾಕ್ ಮಾಡಿ ಮತ್ತೆ ಅನ್‌ಲಾಕ್ ಮಾಡಿ, ಗನ್ನನ್ನು ಒಳಕ್ಕೆ ಸ್ವಲ್ಪ ಒತ್ತಿ ಹಿಡಿದು ಎಳೆಯಿರಿ. ಅದಕ್ಕೂ ಬಗ್ಗದಿದ್ದರೆ ಬಹಳಷ್ಟು ಕಾರುಗಳಲ್ಲಿ ಬಾನೆಟ್ಟಿನ ಒಳಗೋ ಡಿಕ್ಕಿಯ ಪಕ್ಕದ ಮುಚ್ಚಳದ ಹಿಂದೆಯೋ ಕೈಯಿಂದ ಎಳೆಯುವ ಒಂದು ದಾರ ಇರುತ್ತದೆ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಎಂದು ಮನೆಯ ಬೆಳಕಿನಲ್ಲೇ ಹುಡುಕಿಟ್ಟುಕೊಳ್ಳಿ. ರಾತ್ರಿ ಹತ್ತರ ಮಳೆಯಲ್ಲಿ, ಹಿಂದೆ ಎರಡು ಕಾರು ಹಾರ್ನ್ ಹೊಡೆಯುತ್ತಿರುವಾಗ ಕೈಪಿಡಿಯ ಪುಟ ತಿರುವಲು ಆಗುವುದಿಲ್ಲ.